ಒಸಾಕಾದ ಐದು ಶನಿವಾರಗಳು

ಏಳನೆಯ ಕಂತು

“ಕೋಟೆ ನೋಡೋಕೆ ಅಂತ ಹೊರಟವರು ರೈಲ್ವೆ ಸ್ಟೇಷನ್ನಲ್ಲಿ ಒಂದೂವರೆ ಗಂಟೆ ಯಾಕಮ್ಮ ಕೂತ್ಕೋತಾರೆ?” ಎಂದು ಕೇಳಿದೆ.

ಸುರಕ್ಷಾ ಕುರ್ಚಿಯಲ್ಲಿ ಸರಿದು ಕುಳಿತಳು. ಎಂಟು ತಿಂಗಳು ತುಂಬಿದ ಬಸುರಿ. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರೂ ನನಗಾಗಿ ಅಡುಗೆಮನೆಯ ತನಕ ಬಂದಿದ್ದಳು. ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಐದು ಹಾಳೆಗಳು. ಅವಳ ತಾಯಿ ಸ್ನೇಹಲತಾ ಜಪಾನಿನ ಒಸಾಕಾದಿಂದ ವಾರಕ್ಕೊಂದರಂತೆ ಈಮೇಲಿನಲ್ಲಿ ಕಳಿಸಿದ ಪ್ರಯಾಣದ ಪ್ಲಾನುಗಳು.

ಪ್ಲಾನುಗಳು ಬರುತ್ತಿದ್ದವು, ಮೆಸೇಜುಗಳು ಬರುತ್ತಿದ್ದವು. ಆದರೆ ಹತ್ತೊಂಬತ್ತು ದಿನಗಳಿಂದ ಆಕೆಯ ದನಿ ಕೇಳಿದವರಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ‘ನೆಟ್‌ವರ್ಕ್ ಸರಿ ಇಲ್ಲ, ಚೆನ್ನಾಗಿದ್ದೇನೆ, ಹೆರಿಗೆಗೆ ಮೊದಲು ಬರುತ್ತೇನೆ’ ಎಂದಷ್ಟೇ ಉತ್ತರ. ಆಕೆ ಚಿಕ್ಕ ಮಗುವಲ್ಲ, ಮೆಸೇಜೂ ಬರುತ್ತಿದೆ, ಇದರಲ್ಲಿ ಕಾಣೆಯಾದದ್ದೇನು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಅದಾದ ಮೇಲೆ ಸುರಕ್ಷಾಳ ಗಂಡ ಗುರುಕಿರಣ ನನ್ನನ್ನು ಹುಡುಕಿಕೊಂಡು ಬಂದಿದ್ದ.

ನಾನು ಖಾಲಿದಾ. ಇಲ್ಲಿ ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತ ಹದಿನಾರು ವರ್ಷ ಕಳೆದು, ಈಗ ಲೈಸೆನ್ಸು ತೆಗೆದುಕೊಂಡು ಸ್ವಂತವಾಗಿ ಅದೇ ಕೆಲಸ ಮಾಡುತ್ತೇನೆ. ಸುಳ್ಳು ಹೇಳುವ ಕಾಗದ ನನ್ನ ಕಣ್ಣಿಗೆ ಬೇಗ ಬೀಳುತ್ತದೆ ಎಂಬ ಜಂಬ ನನಗಿತ್ತು. ಈ ಐದು ಹಾಳೆಗಳು ಆ ಜಂಬವನ್ನು ಮೂರು ದಿನದಿಂದ ಪುಡಿ ಮಾಡುತ್ತಿದ್ದವು.

“ಇಲ್ಲಿ ನೋಡು,” ಎಂದೆ. “ಮೂರನೇ ಪ್ಲಾನು. ಹಿಮೆಜಿ ಕೋಟೆ. ಒಸಾಕಾದಿಂದ ರೈಲಲ್ಲಿ ಒಂದು ಗಂಟೆ ದಾರಿ ಅಷ್ಟೇ. ಆದ್ರೆ ಹತ್ತು ಐದರಿಂದ ಹನ್ನೊಂದೂವರೆ ತನಕ ‘ಸ್ಟೇಷನ್ನಿನಲ್ಲೇ ಕೂರುವುದು, ಚಹಾ’ ಅಂತ ಬರ್ದಿದ್ದಾರೆ. ಅಷ್ಟು ಒಳ್ಳೆ ಚಹಾನಾ ಅದು?”

ಸುರಕ್ಷಾ ನಾಚಿಕೊಂಡಳು. “ಅದು ರಾಹುಕಾಲ ಆಂಟಿ. ಅಮ್ಮ ರಾಹುಕಾಲದಲ್ಲಿ ಹೊರಡಲ್ಲ. ಲೈಕ್, ನೆವರ್.”

“ಇಪ್ಪತ್ತೆಂಟು ವರ್ಷ ಬಯೋಟೆಕ್ ಲ್ಯಾಬಲ್ಲಿ ಪ್ರೋಟೀನು ಅಳೆದವರು?”

“ಅದು ಆಫೀಸು. ಇದು ಹೊರಡೋದು. ಎರಡೂ ಬೇರೆ ಬೇರೆ ಅಂತಾರೆ.”

ನನಗೆ ನಗು ಬಂತು. ಬೆಂಗಳೂರಿನ ಫ್ರೇಜರ್‌ಟೌನಿನಲ್ಲಿ ಬೆಳೆದವಳಿಗೆ ರಾಹುಕಾಲ ಹೊಸದೇನಲ್ಲ. ನಮ್ಮ ಪಕ್ಕದ ಮನೆಯ ದೊಡ್ಡತಾಯಮ್ಮ ಆಟೋ ಹತ್ತಿ ಕುಳಿತು, ಮೀಟರು ಓಡಿಸಿಕೊಂಡು, ರಾಹುಕಾಲ ಕಳೆಯಲಿ ಎಂದು ಕಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಜಪಾನಿನ ರೈಲುಗಳಿಗೂ ರಾಹು ಕಾಟ ಕೊಡುತ್ತಾನೆಂದು ಗೊತ್ತಿರಲಿಲ್ಲ.

“ಅಲ್ಲಿ ರಾಹುಕಾಲ ಎಷ್ಟು ಹೊತ್ತಿಗೆ ಅಂತ ಹೇಗೆ ಗೊತ್ತಾಗತ್ತೆ?”

“ಅಮ್ಮ ಲೆಕ್ಕ ಹಾಕ್ತಾರೆ. ಬಾಸ್ಟನ್‌ನಲ್ಲಿ ನನ್ನ ಗ್ರಾಜುಯೇಷನ್ ದಿನ ಹೊಟೇಲಿನ ಟಿಶ್ಯೂ ಮೇಲೆ ಭಾಗಾಕಾರ ಮಾಡ್ತಾ ಕೂತಿದ್ರು, ಐ ವಾಸ್ ಸೋ ಎಂಬರಾಸ್ಡ್. ಆ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದ ತನಕ ಎಷ್ಟು ಹೊತ್ತೋ ಅದನ್ನ ಎಂಟು ಭಾಗ ಮಾಡ್ಬೇಕು. ಶನಿವಾರ ಆದ್ರೆ ಮೂರನೇ ಭಾಗ ರಾಹುಕಾಲ.” ಸುರಕ್ಷಾ ತಾಯಿಯ ದನಿಯನ್ನೇ ಅನುಕರಿಸಿದಳು. “‘ರಾಹುಗೆ ನಿನ್ನ ವಾಚು ಗೊತ್ತಿಲ್ಲ ಮಗಾ, ಸೂರ್ಯ ಮಾತ್ರ ಗೊತ್ತು’ ಅಂತಾರೆ.”

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. “ನಂಗೆ ಭಯ ಆಗ್ತಿದೆ ಆಂಟಿ. ಅಮ್ಮ ಇಲ್ದೆ ನಾನು ಈ ಮಗುವನ್ನ ಹೆರಲ್ಲ.”

ಹೆರದೆ ಇರಲು ಸಾಧ್ಯವೇ ಎಂದು ನಾನು ಕೇಳಲಿಲ್ಲ. ಆ ಮಾತಿನ ಹಿಂದೆ ಇದ್ದ ಹೆದರಿಕೆ ನನಗೂ ಹತ್ತಿತು. ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಗುರುಕಿರಣ ಒಳಗೆ ಬಂದ. ತೆಳ್ಳಗಿನ, ಮೆದುಮಾತಿನ ಹುಡುಗ. ಹೆಂಡತಿಯ ಬೆನ್ನಿಗೆ ದಿಂಬು ಇಟ್ಟ. ಫ್ರಿಜ್ಜಿನ ಬಾಗಿಲು ತೆರೆದು ಕಿತ್ತಳೆ ಹಣ್ಣು ತೆಗೆದು ಹಿಂಡತೊಡಗಿದ. ಬಾಗಿಲಿಗೆ ಅಂಟಿಸಿದ್ದ ದೇವಸ್ಥಾನದ ಕ್ಯಾಲೆಂಡರು ಪಟಪಟ ಎಂದಿತು. ಶನಿವಾರಗಳ ಸಾಲಿನಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿಗಳಿದ್ದವು. ಆಸ್ಪತ್ರೆಯ ಅಪಾಯಿಂಟ್‌ಮೆಂಟು ಇರಬೇಕು ಎಂದುಕೊಂಡೆ.

“ಮಧುಕರ್ ಅಂಕಲ್‌ನ ಕೇಳಿದ್ರಾ?” ಎಂದೆ. ಈ ಮಧುಕರ್ ಸ್ನೇಹಲತಾರ ಹಳೆಯ ಗೆಳೆಯರು. ಜಪಾನಿನ ರೈಲುಗಳೆಂದರೆ ಪ್ರಾಣ. ಒಸಾಕಾದ ಉಮೆದಾದಲ್ಲಿ ಒಂದೇ ಹೊಟೇಲು ಹಿಡಿದು, ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಈ ಎರಡು ತಿಂಗಳ ಯೋಜನೆಗೆ ಆಸೆ ಹಚ್ಚಿದವರೇ ಅವರು.

“ನಾನೇ ಫೋನ್ ಮಾಡಿದ್ದೆ ಮೇಡಂ,” ಎಂದ ಗುರುಕಿರಣ, ನಮ್ಮ ಕಡೆ ತಿರುಗದೆ. “ಅವ್ರಿಗೂ ಏನೂ ಗೊತ್ತಿಲ್ವಂತೆ.”

“ಪಾಪ, ಕಿರಣ್ ಎಷ್ಟೂಂತ ಓಡಾಡ್ತಾನೆ,” ಎಂದಳು ಸುರಕ್ಷಾ. “ಅಕ್ಟೋಬರ್ ಇಪ್ಪತ್ತಕ್ಕೆ ನಂಗೆ ಬಿಪಿ ಏರಿ ಮೂರು ದಿನ ಆಸ್ಪತ್ರೆಗೆ ಸೇರಿಸಿದ್ರು. ಆಫೀಸು, ಆಸ್ಪತ್ರೆ, ಮನೆ ಎಲ್ಲಾ ಅವನೇ. ಅಮ್ಮಂಗೆ ಹೇಳ್ಬೇಡ, ಟ್ರಿಪ್ಪು ಬಿಟ್ಟು ಓಡಿ ಬರ್ತಾರೆ ಅಂದಿದ್ದೆ. ಹೇಳಿಲ್ಲ ಅವನು.”

“ಅತ್ತೆ ಕ್ಷೇಮವಾಗಿ ಬಂದ್ರೆ ಸಾಕು ಮೇಡಂ,” ಎಂದು ಗುರುಕಿರಣ ನನಗೂ ಒಂದು ಲೋಟ ಕೊಟ್ಟ. “ನಾಳೆ ಎಲ್ಲಿಗೆ ಹೋಗ್ತೀರಾ?”

“ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ. ನಿಮ್ಮತ್ತೆ ಜೊತೆ ಲ್ಯಾಬಲ್ಲಿದ್ದವರನ್ನ ನೋಡಕ್ಕೆ.”

ಇದು ಸುಳ್ಳು. ಎಲ್ಲಿಗೆ ಹೋಗುತ್ತೇನೆಂದು ಕೇಸು ಕೊಟ್ಟವರಿಗೂ ನಿಜ ಹೇಳದಿರುವುದು ಇನ್ಶೂರೆನ್ಸ್ ಕಾಲದಿಂದ ಅಂಟಿಕೊಂಡ ಚಾಳಿ. ಒಳ್ಳೆಯ ಜನ ತಮಗೆ ಗೊತ್ತಿಲ್ಲದೆಯೇ ಸುದ್ದಿ ಹಬ್ಬಿಸುತ್ತಾರೆ.

*

ಅವರ ಮನೆಯ ಎದುರಿಗೇ ಕಾರಿನಲ್ಲಿ ಕುಳಿತು ಲೆಕ್ಕಕ್ಕೆ ಇಳಿದೆ. ಭಾಗಾಕಾರಕ್ಕೆ ಹೈಸ್ಕೂಲಿನಲ್ಲಿ ಒದೆ ತಿಂದವಳು ನಾನು. ಫೋನಿನಲ್ಲಿ ಒಸಾಕಾದ ಸೂರ್ಯೋದಯ, ಸೂರ್ಯಾಸ್ತ ಹುಡುಕಿ, ಎಂಟರಿಂದ ಭಾಗಿಸಿದೆ.

ಮೊದಲ ಪ್ಲಾನು, ಅಕ್ಟೋಬರ್ ಹನ್ನೊಂದು, ನಾರಾ ಊರಿಗೆ. ನನಗೆ ಬಂದ ರಾಹುಕಾಲ ಎಂಟು ಐವತ್ತರಿಂದ ಹತ್ತು ಇಪ್ಪತ್ತು. ಹಾಳೆಯಲ್ಲೂ ಅದೇ ಇತ್ತು. ಎರಡನೆಯದು, ಹದಿನೆಂಟನೇ ತಾರೀಕು, ಕೋಬೆಗೆ. ಅದೂ ಹೆಚ್ಚೂಕಡಿಮೆ ಅದೇ. ಎರಡೂ ಸರಿಯಾಗಿ ಕೂತವು.

ಮೂರನೆಯದು, ಇಪ್ಪತ್ತೈದನೇ ತಾರೀಕು, ಹಿಮೆಜಿಗೆ. ನನ್ನ ಲೆಕ್ಕದಲ್ಲಿ ಒಂಬತ್ತರ ಆಸುಪಾಸಿಗೆ ಶುರುವಾಗಬೇಕು. ಹಾಳೆಯಲ್ಲಿ ಹತ್ತು ಐದು!

ಮತ್ತೆ ಲೆಕ್ಕ ಹಾಕಿದೆ. ಅದೇ ಉತ್ತರ. ನಾಲ್ಕನೆಯದು ಕಳೆದ ಶನಿವಾರದ್ದು, ಉಜಿ ಎಂಬ ಊರಿಗೆ; ಅಲ್ಲೂ ಹತ್ತು ಐದರಿಂದ ಹನ್ನೊಂದೂವರೆ. ಐದನೆಯದು ನಾಳೆಯ ಶನಿವಾರದ್ದು, ಹಿಕೋನೆಗೆ. ಅಲ್ಲಿ ಮಾತ್ರ ಒಂಬತ್ತೂಕಾಲಿನಿಂದ ಹತ್ತು ಮೂವತ್ತೈದು.

ನನ್ನ ತಲೆ ಗಿರ್ರೆಂದಿತು. ಎರಡು ವಾರ ಒಂದು ಹೊತ್ತು, ಆಮೇಲೆ ಎರಡು ವಾರ ಒಂದು ಗಂಟೆಗೂ ಮಿಕ್ಕಿ ಮುಂದೆ, ಆಮೇಲೆ ಒಂದೇ ನೆಗೆತಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಹಿಂದೆ. ಸೂರ್ಯ ಹಾಗೆಲ್ಲ ಕುಣಿಯುವವನಲ್ಲ. ಆಕೆಗೆ ಹುಷಾರು ತಪ್ಪಿದೆಯೇ? ಬೇರೆ ಊರಿಗೆ ಹೋಗಿ ಕೂತಿದ್ದಾರೆಯೇ? ಅಥವಾ ಪ್ರೋಟೀನು ಅಳೆದವರಿಗೂ ಒಮ್ಮೊಮ್ಮೆ ಕೂಡಿಸಿ ಕಳೆಯುವುದು ತಪ್ಪುತ್ತದೆಯೇ?

ಹೊತ್ತಾಯಿತೇ ಎಂದು ಕಾರಿನ ಗಡಿಯಾರ ನೋಡಿದೆ. ಐದು ನಲವತ್ತು. ಫೋನು ನೋಡಿದೆ. ನಾಲ್ಕು ನಲವತ್ತು. ಚಳಿಗಾಲ ಬಂತೆಂದು ಕಳೆದ ಭಾನುವಾರ ಅಮೆರಿಕದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಕಾರಿನದನ್ನು ತಿರುಗಿಸಲು ನನ್ನ ಸೋಮಾರಿತನ ಬಿಟ್ಟಿರಲಿಲ್ಲ.

ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಜಪಾನಿನಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಇರುವುದು ಇಲ್ಲಿ.

ಒಸಾಕಾ ಅಳಿಸಿ, ನಾನೀಗ ಕೂತಿದ್ದ ಸುರಕ್ಷಾಳ ಊರು ಲಿವರ್‌ಮೋರ್ ಎಂದು ಒತ್ತಿದೆ. ಅದರ ಸೂರ್ಯೋದಯ, ಅದರ ಸೂರ್ಯಾಸ್ತ, ಎಂಟರಿಂದ ಭಾಗ. ಮೂರನೆಯದು ಸರಿಹೋಯಿತು. ನಾಲ್ಕು, ಐದೂ ಐದೈದು ನಿಮಿಷದ ಒಳಗೆ ಸರಿಹೋದವು.

ಅಂದರೆ ಮೊದಲ ಎರಡು ಪ್ಲಾನುಗಳನ್ನು ಒಸಾಕಾದ ಸೂರ್ಯನನ್ನು ನೋಡಿ ಬರೆದಿದ್ದರು. ಕೊನೆಯ ಮೂರನ್ನು ಬರೆದವರಿಗೆ ಸ್ನೇಹಲತಾ ರಾಹುಕಾಲ ಬಿಟ್ಟು ಹೊರಡುತ್ತಾರೆಂಬುದು ಗೊತ್ತು. ಅದನ್ನು ಆ ಊರಿನ ಸೂರ್ಯನಿಂದ ಲೆಕ್ಕ ಹಾಕಬೇಕೆಂಬುದು ಗೊತ್ತಿಲ್ಲ. ಅರ್ಧ ತಿಳಿದವರು, ಆಕೆಗೆ ತೀರ ಹತ್ತಿರದವರು, ಮತ್ತು ಇಲ್ಲೇ, ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಕುಳಿತವರು.

ಜಪಾನಿನ ರೈಲುಗಳ ಹೊತ್ತು ಬಾಯಿಪಾಠ ಇರುವ, ಆಕೆಯ ಹತ್ತಿರದ ಮನುಷ್ಯ ಒಬ್ಬರೇ. ಕೊಲ್ಲಿಯ ದಡದ ಎಮರಿವಿಲ್ಲಿನ ಮಧುಕರ್.

*

ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ, ಮುಂಚೆ ತಿಳಿಸದೆ, ಅವರ ಅಪಾರ್ಟ್‌ಮೆಂಟಿನ ಬೆಲ್ಲು ಒತ್ತಿದೆ. ಅನಿಮೇಷನ್ ಸ್ಟುಡಿಯೋದಲ್ಲಿ ದುಡಿದು ನಿವೃತ್ತರಾದವರು. ಮಂಗಳೂರಿನ ಕೊಂಕಣಿ ಮನೆತನ. ಅರವತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಶರ್ಟು. ಕಿಟಕಿಯಾಚೆ ಎಮರಿವಿಲ್ ಸ್ಟೇಷನ್ನಿನ ಹಳಿಗಳು ಕಾಣುತ್ತಿದ್ದವು. ಗೋಡೆಯ ತುಂಬ ಜಪಾನಿನ ರೈಲು ನಕ್ಷೆ.

ಸುರಕ್ಷಾ ಕಳಿಸಿದ್ದಾಳೆ ಎಂದೆ. ಮುಖ ಅರಳಿತು, ಕೂಡಲೇ ಬಾಡಿತು.

“ಕೂತ್ಕೊಳ್ಳಿ ಮಾರಾಯ್ರೆ. ಕಾಫಿ ಉಂಟು, ಫಿಲ್ಟರಿದ್ದು. ಸುರಕ್ಷಾ ಹೇಗಿದ್ದಾಳೆ? ದಿನ ಹತ್ತಿರ ಬಂತಲ್ಲ?”

ಅವರು ಅಡುಗೆಮನೆಗೆ ಹೋದದ್ದೇ ತಡ, ನನ್ನ ಕಣ್ಣು ಪುಸ್ತಕದ ಕಪಾಟಿನ ಮೇಲೆ ಓಡಿತು. ಎರಡನೇ ಅರೆಯಲ್ಲಿ ನೀಲಿ ಬಟ್ಟೆಯ ರಟ್ಟಿನ ಸಣ್ಣ ಪುಸ್ತಕ. ಮೇಲೆ ಸ್ನೇಹಲತಾ ಎಂಬ ಹೆಸರು.

ಬಿಚ್ಚಿದೆ. ಪುಟಕ್ಕೊಂದು ರಬ್ಬರ್ ಮೊಹರು. ಜಪಾನಿನ ಸ್ಟೇಷನ್ನುಗಳಲ್ಲಿ ಪ್ರಯಾಣಿಕರು ನೆನಪಿಗಾಗಿ ಒತ್ತಿಕೊಳ್ಳಲು ಇಟ್ಟಿರುತ್ತಾರಲ್ಲ, ಅಂಥವು. ಒಂದರಲ್ಲಿ ಜಿಂಕೆ, ಒಂದರಲ್ಲಿ ಹಡಗು. ಕೆಳಗೆ ಪೆನ್ಸಿಲಿನಲ್ಲಿ ತಾರೀಕು, ಅದರ ಪಕ್ಕ ಎಂಟರಿಂದ ಭಾಗಿಸಿದ ಲೆಕ್ಕ. ಕೊನೆಯ ಮೊಹರು ಅಕ್ಟೋಬರ್ ಹತ್ತೊಂಬತ್ತು. ಆಮೇಲೆ ಎಲ್ಲ ಖಾಲಿ.

ಮಧುಕರ್ ಎರಡು ಲೋಟ ಹಿಡಿದು ಬಂದಾಗ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಕಾದಿದ್ದೆ.

“ಸ್ನೇಹಲತಾ ಒಸಾಕಾದಲ್ಲಿದ್ದಾರೆ,” ಎಂದೆ. “ಅವ್ರು ದಿನಾ ಮೊಹರು ಒತ್ತಿಸ್ಕೊಳ್ಳೋ ಪುಸ್ತಕ ನಿಮ್ಮ ಕಪಾಟಲ್ಲಿದೆ. ಹೇಗೆ ಸರ್?”

ಅವರು ಲೋಟಗಳನ್ನು ಪುಸ್ತಕದ ಪಕ್ಕ ಇಟ್ಟರು. “ಒಸಾಕಾದಲ್ಲಾ? ಎಂತ ಹೇಳ್ತೀರಿ ನೀವು?”

“ನೀವು ಹೇಳ್ಬೇಕು. ಮೂರು ವಾರದಿಂದ ಅವರ ಹೆಸರಲ್ಲಿ ಪ್ಲಾನು ಬರೀತಿರೋರು ನೀವೇ ತಾನೇ?” ಐದು ಹಾಳೆಗಳನ್ನೂ ಅವರ ಮುಂದೆ ಹರಡಿದೆ. “ಹಿಮೆಜಿ, ಉಜಿ, ಹಿಕೋನೆ. ಆ ಹುಡುಗಿ ಹೊಟ್ಟೆ ಹಿಡ್ಕೊಂಡು ಅಮ್ಮನ ದಾರಿ ಕಾಯ್ತಿದ್ದಾಳೆ. ಎಲ್ಲಿ ಅವರು?”

ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಅವರು ಹೆದರುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಓದತೊಡಗಿದರು. ಮೂರನೆಯದಕ್ಕೆ ಬಂದಾಗ ಹುಬ್ಬು ಗಂಟಿಕ್ಕಿತು.

“ಇದನ್ನು ಬರೆದದ್ದು ಸ್ನೇಹಲತಾ ಅಲ್ಲ,” ಎಂದರು. “ನಾನೂ ಅಲ್ಲ. ಊರಿನ ಹೆಸರೆಲ್ಲ ನಾವಿಬ್ಬರು ಸೆಪ್ಟೆಂಬರಿನಲ್ಲಿ ಮಾಡಿದ ಲಿಸ್ಟಿನಿಂದ ಎತ್ತಿದ್ದು, ಸರಿ. ಬರೆದವನಿಗೆ ಬುದ್ಧಿ ಇಲ್ಲ.”

“ಹೇಗೆ ಹೇಳ್ತೀರಿ?”

“ಈ ರಾಹುಕಾಲದ ಮೇಲೆ ಎಷ್ಟು ಜಗಳ ಆಡಿದ್ದೇವೆ ಗೊತ್ತುಂಟಾ? ನನಗೆ ಅದರಲ್ಲಿ ನಂಬಿಕೆ ಇಲ್ಲ. ಕಡೆಗೆ ಒಂದು ರಾಜಿ ಮಾಡಿದ್ದು. ಹೊರಡುದು ಮಾತ್ರ ದೋಷ, ಹೊರಟು ಆದ ಮೇಲೆ ದೋಷ ಇಲ್ಲ. ಹಾಗಾಗಿ ರಾಹುಕಾಲಕ್ಕೆ ಹತ್ತು ನಿಮಿಷ ಮೊದಲೇ ರೈಲು ಹತ್ತಿ ಕೂತುಬಿಡುದು. ರಾಹು ಪ್ಲಾಟ್‌ಫಾರ್ಮಲ್ಲಿ ಬಾಕಿ, ಇವಳು ನಾರಾದಲ್ಲಿ! ನೋಡಿ, ಮೊದಲ ಎರಡರಲ್ಲಿ ಎಂಟು ನಲವತ್ತರ ರೈಲು.” ಮೂರನೆಯದನ್ನು ಬೆರಳಿನಿಂದ ಕುಟ್ಟಿದರು. “ಇಲ್ಲಿ ಹನ್ನೊಂದೂವರೆ ತನಕ ಸ್ಟೇಷನ್ನಲ್ಲಿ ಕೂತು ಚಹಾ ಕುಡಿಯುದಂತೆ. ಅಷ್ಟು ಹೊತ್ತಿಗೆ ಹಿಮೆಜಿಯಲ್ಲಿ ಅರ್ಧ ಊರು ಕೋಟೆ ಹತ್ತಿ ಆಗಿರ್ತದೆ. ಅವಳು ಒಂದು ಬೆಳಿಗ್ಗೆಯನ್ನು ಹೀಗೆ ಹಾಳು ಮಾಡುವವಳಲ್ಲ.”

ನಾನು ಅವರು, ಅವರು ಎನ್ನುತ್ತಿದ್ದರೆ ಮಧುಕರ್ ಅವಳು ಎಂದದ್ದನ್ನು ಗಮನಿಸಿದೆ. ಅವರು ಗಮನಿಸಲಿಲ್ಲ.

“ಹಾಗಾದ್ರೆ ಪುಸ್ತಕ?”

ಮಧುಕರ್ ಕುರ್ಚಿಯಲ್ಲಿ ಕುಸಿದು ಕುಳಿತರು. “ನನ್ನ ಕಾರಲ್ಲಿ ಮರೆತುಹೋದದ್ದು. ಅಕ್ಟೋಬರ್ ಇಪ್ಪತ್ತೊಂದಕ್ಕೆ ಏರ್‌ಪೋರ್ಟಿನಿಂದ ಕರ್ಕೊಂಡು ಬಂದೆನಲ್ಲ, ಆಗ.”

“ಸ್ನೇಹಲತಾ ವಾಪಸ್ ಬಂದಿದ್ದಾರಾ?”

“ಬಂದು ಹದಿನೆಂಟು ದಿನ ಆಯ್ತು ಮಾರಾಯ್ರೆ! ಮಗಳು ಆಸ್ಪತ್ರೆಯಲ್ಲಿ ಅಂತ ಫೋನ್ ಬಂತಂತೆ. ಮರುದಿನದ ವಿಮಾನ ಹಿಡಿದು ಬಂದಳು. ನೀವು ಈಗ ಒಸಾಕಾ ಅಂತೀರಿ, ನನಗೆ ತಲೆಬುಡ ಗೊತ್ತಾಗುದಿಲ್ಲ.”

“ಫೋನ್ ಮಾಡಿದ್ದು ಯಾರು?”

“ಅಳಿಯ. ಗುರುಕಿರಣ. ಸುರಕ್ಷಾಗೆ ಮಾತ್ರ ಹೇಳ್ಬೇಡಿ, ಅಮ್ಮ ಗಾಬರಿಯಾಗಿ ಬರ್ತಿದ್ದಾರೆ ಅಂತ ಗೊತ್ತಾದ್ರೆ ಅವಳ ಬಿಪಿ ಇನ್ನೂ ಏರ್ತದೆ ಅಂದನಂತೆ. ಒಳ್ಳೇ ಹುಡುಗ ಅಂತ ಹೊಗಳಿದಳು ಕಾರಿನಲ್ಲಿ.”

“ಎಲ್ಲಿ ಬಿಟ್ರಿ ಅವರನ್ನ?”

“ಲಿವರ್‌ಮೋರಲ್ಲಿ. ಮಗಳ ಮನೆ ಬಾಗಿಲಿಗೇ. ಅಳಿಯ ಹೊರಗೆ ಬಂದು ಸೂಟ್‌ಕೇಸು ಒಳಗೆ ತಕೊಂಡು ಹೋದ. ಕೈ ಬೀಸಿದಳು. ನಾನು ತಿರುಗಿ ಬಂದೆ.”

ಕಾಫಿ ತಣ್ಣಗಾಗುತ್ತಿತ್ತು. ನೆನ್ನೆ ಅದೇ ಮನೆಯ ಅಡುಗೆಮನೆಯಲ್ಲಿ ಕಿತ್ತಳೆ ರಸ ಕುಡಿದು ಬಂದವಳು ನಾನು.

“ಹದಿನೆಂಟು ದಿನ ನೀವು ಒಂದು ಫೋನ್ ಮಾಡ್ಲಿಲ್ವಾ?”

ಮಧುಕರ್ ಕಿಟಕಿಯ ಕಡೆ ನೋಡಿದರು. ಕಿವಿ ಕೆಂಪಾಯಿತು. “ಮಾಡ್ಲಿಲ್ಲ. ಕಾರಿನಲ್ಲಿ ಬರುವಾಗ ಒಂದು ಮಾತು ಕೇಳಿದ್ದೆ. ಮಗು ಆಗಿ, ಬಾಣಂತನ ಎಲ್ಲ ಮುಗಿದ ಮೇಲೆ ಇಲ್ಲಿ ಬಂದು ನನ್ನೊಟ್ಟಿಗೆ ಇರ್ತೀಯಾ ಅಂತ. ಉತ್ತರ ಕೊಡ್ಲಿಲ್ಲ. ಕೋಪ ಬಂದಿರ್ಬೇಕು, ಅದಕ್ಕೇ ಫೋನಿಲ್ಲ ಅಂತ ಅಂದುಕೊಂಡೆ. ಈ ವಯಸ್ಸಿಗೆ ನಾಚಿಕೆ ಆಗ್ತದಲ್ಲ.”

ಆ ಮುದುಕರ ಮೇಲೆ ನನಗೆ ಅಯ್ಯೋ ಅನಿಸಿತು. ಆದರೆ ಅಯ್ಯೋ ಅನಿಸುವುದು ಸಾಕ್ಷಿಯಲ್ಲ. ಆಕೆ ಬಂದದ್ದಕ್ಕೆ ಪುಸ್ತಕ ಸಾಕ್ಷಿ. ಬಾಗಿಲ ತನಕ ಬಿಟ್ಟದ್ದಕ್ಕೆ ಇವರ ಮಾತು ಬಿಟ್ಟರೆ ಏನೂ ಇಲ್ಲ.

“ಗುರುಕಿರಣ ನಿಮಗೆ ಈಚೆಗೆ ಫೋನ್ ಮಾಡಿದ್ನಾ? ಅತ್ತೆ ಬಗ್ಗೆ ವಿಚಾರಿಸಿದ್ನಾ?”

“ಇಲ್ಲ. ಆ ಹುಡುಗ ನನಗೆ ಒಂದು ಸಲವೂ ಫೋನ್ ಮಾಡಿದ್ದಿಲ್ಲ. ಬೇಕಾದ್ರೆ ನೋಡಿ.” ಫೋನನ್ನು ನನ್ನ ಕೈಗೇ ಕೊಟ್ಟರು. ನೋಡಿದೆ. ಇರಲಿಲ್ಲ.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಗುರುಕಿರಣನೇ ಎಂದುಕೊಂಡರೆ, ನನ್ನನ್ನು ಈ ಕೇಸಿಗೆ ಕರೆದು ತಂದವನೇ ಅವನಲ್ಲವೇ? ಕಳ್ಳನೇ ಪೊಲೀಸರನ್ನು ಮನೆಗೆ ಕರೆದು ಕಿತ್ತಳೆ ರಸ ಕೊಡುವುದುಂಟೇ? ಮಧುಕರ್ ಎಂದುಕೊಂಡರೆ, ಇಷ್ಟು ದೊಡ್ಡ ಸಾಕ್ಷಿಯನ್ನು ಕಪಾಟಿನಲ್ಲಿ ಎದುರಿಗೇ ಇಟ್ಟುಕೊಂಡು ಕಾಫಿ ಮಾಡಲು ಹೋಗುವ ದಡ್ಡರಂತೆ ಅವರು ಕಾಣಲಿಲ್ಲ. ಯಾವ ಕಡೆಯಿಂದ ಹಿಡಿದರೂ ದಾರ ಇನ್ನೂ ಗೋಜಲಾಗುತ್ತಿತ್ತು.

“ಸರ್, ಒಂದು ಕೇಳ್ತೀನಿ. ಈ ಮೂರು ಪ್ಲಾನು ಬರೆದವರು ಇಲ್ಲಿನ ಸೂರ್ಯೋದಯ ಇಟ್ಕೊಂಡು ಲೆಕ್ಕ ಹಾಕಿದ್ದಾರೆ. ಗಡಿಯಾರ ತಿರುಗಿಸಿದ್ದೂ ಅದರಲ್ಲಿ ಸೇರಿದೆ. ಅಷ್ಟು ಲೆಕ್ಕ ಬರೋರು ಯಾರು?”

ಮಧುಕರ್ ತಲೆ ಅಲ್ಲಾಡಿಸಿದರು. “ಲೆಕ್ಕ ಎಂತದ್ದು? ಲೆಕ್ಕ ಗೊ‌ತ್ತಿದ್ದವರು ಒಸಾಕಾದ್ದೇ ಹಾಕ್ತಿದ್ರು. ಇದು ನೋಡಿ ಬರೆದದ್ದು. ದೇವಸ್ಥಾನದ ಕ್ಯಾಲೆಂಡರಿನಲ್ಲಿ ದಿನ ದಿನದ್ದೂ ಅಚ್ಚಾಗಿರ್ತದಲ್ಲ, ಲಿವರ್‌ಮೋರಿನ ಹೊತ್ತು. ಗಡಿಯಾರ ತಿರುಗಿಸುದೂ ಅವರೇ ಸರಿ ಮಾಡಿ ಹಾಕಿರ್ತಾರೆ.”

ಫ್ರಿಜ್ಜಿನ ಬಾಗಿಲಲ್ಲಿ ಪಟಪಟ ಎಂದ ಕ್ಯಾಲೆಂಡರು ನೆನಪಾಯಿತು. ಶನಿವಾರಗಳ ಸಾಲಿನಲ್ಲಿ ಪೆನ್ಸಿಲಿನ ಚುಕ್ಕಿಗಳು. ಆಸ್ಪತ್ರೆಯವರು ಶನಿವಾರಕ್ಕೆಲ್ಲ ಅಪಾಯಿಂಟ್‌ಮೆಂಟು ಕೊಡುವುದಿಲ್ಲ ಎಂಬುದು ಮಹಾ ಪತ್ತೇದಾರಿಣಿಗೆ ಆಗ ಹೊಳೆದಿರಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ಸುರಕ್ಷಾ.

“ಆಂಟಿ! ಅಮ್ಮ ಬರ್ತಿದ್ದಾರೆ!” ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿರಲೇ ಇಲ್ಲ. “ಈಗ ಮೆಸೇಜ್ ಬಂತು. ಇವತ್ತಿನ ಟ್ರಿಪ್ಪು ಕ್ಯಾನ್ಸಲ್ ಮಾಡಿ ಫ್ಲೈಟ್ ಹತ್ತಿದ್ದಾರಂತೆ. ಕಿರಣ್ ನನ್ನೂ ಕರ್ಕೊಂಡು ಹೋಗ್ತಾನೆ. ಕಾರಿನ ಹಿಂದಿನ ಸೀಟಲ್ಲಿ ಹಾಸಿಗೆ ತರ ಮಾಡಿದ್ದಾನೆ, ಸೋ ಸ್ವೀಟ್.”

“ಯಾವ ಏರ್‌ಪೋರ್ಟಿಗಮ್ಮ? ಯಾವ ಫ್ಲೈಟು?”

“ಕಿರಣ್‌ಗೆ ಗೊತ್ತು ಆಂಟಿ. ದಾರಿಯಲ್ಲಿ ಎಲ್ಲೋ ಹೋಗಿ ಹೋಗ್ಬೇಕಂತೆ.”

ಮಧುಕರ್ ನನ್ನ ಮುಖವನ್ನೇ ನೋಡುತ್ತಿದ್ದರು. ಹದಿನೆಂಟು ದಿನದ ಹಿಂದೆ ಬಂದಿಳಿದವರು ಇವತ್ತು ಮತ್ತೆ ಹೇಗೆ ಬಂದಿಳಿಯುತ್ತಾರೆ?

“ಸುರಕ್ಷಾ, ನನ್ನ ಮಾತು ಕೇಳು. ಡಾಕ್ಟರು ಏಳ್ಬೇಡ ಅಂದಿದ್ದಾರಲ್ಲ? ನಾನು ಬರೋ ತನಕ ಮನೆಯಲ್ಲೇ ಇರು. ನಾನೂ ಬರ್ತೀನಿ ನಿಮ್ಮ ಜೊತೆ.”

“ಅಷ್ಟು ಟೈಮಿಲ್ಲ ಆಂಟಿ. ಆಗ್ಲೇ ಹೊರಡ್ತಿದ್ವಿ, ರಾಹುಕಾಲ ಅಂತ ಕೂತಿದ್ದೀವಿ. ಅಮ್ಮನ್ನ ಕರ್ಕೊಂಡ್ ಬರೋಕೆ ಹೋಗೋವಾಗ ಅಮ್ಮನ ರೂಲ್ ಮುರೀಬಾರ್ದಲ್ವಾ? ಕಿರಣ್ ಕ್ಯಾಲೆಂಡರ್ ನೋಡಿ ಹೇಳ್ದ. ಹತ್ತು ಮೂವತ್ತೈದಕ್ಕೆ ಮುಗಿಯತ್ತಂತೆ, ಆ ನಿಮಿಷಕ್ಕೇ ಹೊರಡೋದು.”

ಹತ್ತು ಮೂವತ್ತೈದು. ಮೇಜಿನ ಮೇಲಿದ್ದ ಐದನೇ ಹಾಳೆಯಲ್ಲಿ ಅದೇ ಅಂಕಿ ನನ್ನನ್ನು ನೋಡುತ್ತಿತ್ತು.

“ಫೋನ್ ಸ್ಪೀಕರಲ್ಲಿದೆಯಾ?” ಎಂದು ಕೇಳುವಷ್ಟರಲ್ಲಿ ತಡವಾಗಿತ್ತು.

“ಮೇಡಂ, ನಾನು ಕಿರಣ್.” ಅದೇ ಮೆದು ದನಿ. “ನಿಮ್ಮಿಂದ ತುಂಬಾ ಉಪಕಾರ ಆಯ್ತು. ಅತ್ತೆ ಬರ್ತಿದ್ದಾರಲ್ಲ, ಇನ್ನು ನೀವು ತೊಂದ್ರೆ ತಗೋಬೇಡಿ. ಶನಿವಾರ ಫ್ರೀವೇ ತುಂಬಾ ರಷ್ಷು. ಎಮರಿವಿಲ್ಲಿಂದ ಇಲ್ಲಿ ತನಕ ಯಾಕೆ ಬರ್ತೀರಾ?”

ಫೋನು ಕಟ್ಟಾಯಿತು. ನಾನು ಅವನಿಗೆ ಹೇಳಿದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋ.

ಮತ್ತೆ ಮಾಡಿದೆ. ಎತ್ತಲಿಲ್ಲ. ಬ್ಯಾಗು ಹೆಗಲಿಗೇರಿಸಿದೆ.

“ಪೊಲೀಸರಿಗೆ ಫೋನ್ ಮಾಡಿ ಸರ್. ಲಿವರ್‌ಮೋರಿನ ಆ ಮನೆಗೆ ಕಳಿಸಿ.”

“ಎಂತ ಹೇಳುದು? ಅಳಿಯ ಅತ್ತೆಯ ಸೂಟ್‌ಕೇಸು ಒಳಗೆ ತಕೊಂಡು ಹೋದ ಅಂತಲಾ?”

“ಸ್ನೇಹಲತಾ ಕಾಣೆಯಾಗಿದ್ದಾರೆ, ಕೊನೇಲಿ ಕಂಡೋನು ನಾನೇ ಅಂತ ಹೇಳಿ.”

ಆ ಮಾತು ಯಾರ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಅವರಿಗೂ ಗೊತ್ತಿತ್ತು. ನೀಲಿ ಪುಸ್ತಕವನ್ನು ಒಮ್ಮೆ ಮುಟ್ಟಿದರು. ಆಮೇಲೆ ಫೋನು ತೆಗೆದು ಒತ್ತತೊಡಗಿದರು. ಅವರು ಸುಳ್ಳು ಹೇಳಿಲ್ಲ ಎಂದು ನಾನು ನಂಬಿದ್ದು ಆಗ.

ಕಾರು ಹೊರಡಿಸಿದಾಗ ಅದರ ಗಡಿಯಾರದಲ್ಲಿ ಹತ್ತು ಐವತ್ತೊಂದು. ಒಂದು ಗಂಟೆ ಕಳೆ ಖಾಲಿದಾ. ಒಂಬತ್ತು ಐವತ್ತೊಂದು. ಲಿವರ್‌ಮೋರಿಗೆ ಫ್ರೀವೇ ಖಾಲಿಯಿದ್ದರೆ ನಲವತ್ತೈದು ನಿಮಿಷ. ರಾಹುಕಾಲ ಮುಗಿಯಲು ನಲವತ್ತನಾಲ್ಕು.

ಐನೂರ ಎಂಬತ್ತನೇ ನಂಬರಿನ ಫ್ರೀವೇ ಹತ್ತಿದೆ. ಕಣ್ಣು ಹಾಯುವ ತನಕ ಕಾರುಗಳ ಕೆಂಪು ದೀಪ. ನೆನ್ನೆ ರಾಹುಕಾಲವೆಂದರೆ ನಕ್ಕವಳು, ಹುಟ್ಟಿದಾಗಿನಿಂದ ಒಮ್ಮೆಯೂ ಅದನ್ನು ನೋಡಿ ಮನೆಬಿಟ್ಟವಳಲ್ಲ, ಸ್ಟೀರಿಂಗು ಹಿಡಿದು ಅಲ್ಲಾಹನಲ್ಲಿ ಬೇಡಿಕೊಂಡೆ: ಯಾ ಅಲ್ಲಾಹ್, ಇವತ್ತೊಂದು ದಿನ ಈ ರಾಹುಕಾಲ ಬೇಗ ಮುಗಿಯದಿರಲಿ.